ಕಾರಿನಲ್ಲಿ ವಾಸನೆ ಬಂದರೆ: ಎಲ್ಲಿ ನಿಲ್ಲಿಸಬೇಕು, ಏನು ನೋಡಬೇಕು

‘ಏನೋ ವಾಸ್ನಿ ಬರಾಕತ್ತೈತಿ’ ಎಂದಷ್ಟೇ ಹೇಳಿ ಕಾರು ಬಿಟ್ಟು ಹೋದರೆ ಮೆಕ್ಯಾನಿಕ್ ಅರ್ಧ ದಿನ ತಡಕಾಡಬೇಕು. ಓಡುವಾಗ ಬಂತೋ ನಿಂತಾಗ ಬಂತೋ, ಎಸಿ ಹಾಕಿದಾಗ ಮಾತ್ರವೋ, ಏರು ಹತ್ತಿದ ಮೇಲೋ ಎಂದು ಗಮನಿಸಿಕೊಂಡಿದ್ದರೆ ಕೆಲಸ ಹಗುರ. ವಾಸನೆ ಬಡಿದ ಕೂಡಲೇ ಎಸಿ ಆರಿಸಿ, ಗಾಜು ಇಳಿಸಿ, ಎಡಬದಿಗೆ ನಿಲ್ಲಿಸಿ.

ಅಲ್ಲೇ ನಿಲ್ಲಿಸಬೇಕಾದವು

ಪೆಟ್ರೋಲ್ ವಾಸನೆಗೆ ಪರೀಕ್ಷೆ ಬೇಡ. ಕೀ ಆಫ್ ಮಾಡಿ ಎಲ್ಲರೂ ಇಳಿಯಿರಿ, ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಬಂಕಿನಿಂದ ಹೊರಟ ತಕ್ಷಣ ಬಂದಿದ್ದರೆ ಟ್ಯಾಂಕಿನ ಮುಚ್ಚಳ ‘ಟಕ್’ ಎನ್ನುವಷ್ಟು ಬಿಗಿಯಾಗಿದೆಯೇ ನೋಡಿ.

ಪ್ಲಾಸ್ಟಿಕ್ ಸುಟ್ಟ ಘಾಟು ಬಂದರೆ ಅನುಮಾನ ವೈರಿಂಗ್ ಮೇಲೆ. ಎಂಜಿನ್ ನಿಲ್ಲಿಸಿ, ಹೊಗೆ ಇಲ್ಲದಿದ್ದರೆ ಮಾತ್ರ ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಹೆಚ್ಚಿನ ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. 15 ಆಂಪಿಯರ್ ಫ್ಯೂಸ್ ಹೋದರೆ 15ರದ್ದೇ ಹಾಕಿ. 30ರದ್ದನ್ನೋ ತಾಮ್ರದ ಎಳೆಯನ್ನೋ ತುರುಕಿದರೆ ಮುಂದಿನ ಸಲ ಫ್ಯೂಸ್ ಉಳಿದು ವೈರೇ ಉರಿಯುತ್ತದೆ. ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ಹುಡುಕಬೇಕು.

ಸಿಹಿ ವಾಸನೆ

ಇದು ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಬಿಸಿಯಾಗಿ ಹೊರಬಂದರೆ ಸಿಹಿ ಸಿಹಿ ವಾಸನೆ ಬರುತ್ತದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ; ಒತ್ತಡ ಇಳಿದೊಡನೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣ್ಣಗಾದ ಮೇಲೆ ರಿಸರ್ವ್ ಟ್ಯಾಂಕಿನ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಹೋಸ್ ಪೈಪ್ ತುದಿ, ಕ್ಲಿಪ್, ವಾಟರ್ ಪಂಪ್ ಸುತ್ತ ಹಸಿರು ಅಥವಾ ಗುಲಾಬಿ ಬಣ್ಣದ ಪುಡಿ ಕಟ್ಟಿದ್ದರೆ ಸೋರಿಕೆ ಅಲ್ಲೇ. ಕಾಲಡಿಯ ಮ್ಯಾಟ್ ಅಂಟಂಟಾಗಿ ಒದ್ದೆಯಾಗಿದ್ದರೆ ಹೀಟರ್ ಕೋರ್ (ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ರೇಡಿಯೇಟರ್) ಹೋಗಿದೆ. ಅಂಟಿಲ್ಲದ ಬರೀ ನೀರಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು, ಗಾಬರಿ ಬೇಡ.

ನಮ್ಮ ಕಡೆ ರೇಡಿಯೇಟರ್ ಕೆಡಿಸುವುದು ಬಹುಪಾಲು ಬೋರಿನ ಸವಳು ನೀರು. ಅದರ ಉಪ್ಪು ಸಣ್ಣ ಕೊಳವೆಗಳಲ್ಲಿ ಗಾರೆಯಂತೆ ಕಟ್ಟುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಎಸಿ ಹಾಕಿಕೊಂಡು ರೈಲ್ವೆ ಗೇಟಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಸಮ ಬೆರೆಸಿ ಹಾಕಿ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಬೆರೆಸಬಾರದು. ಸಿಹಿ ವಾಸನೆಯ ಜೊತೆ ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಮೇಲೆ ಹಾಲು ಬೆರೆಸಿದಂಥ ಆಯಿಲ್ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿರುವ ಸಂಭವವೇ ಹೆಚ್ಚು. ಒಂದು ಕಿಲೋಮೀಟರನ್ನೂ ಓಡಿಸಬೇಡಿ.

ಸುಟ್ಟ ಕಾಗದದ ವಾಸನೆ

ಸಂಡೂರಿನ ಏರಿನಲ್ಲಿ ಅದಿರು ಲಾರಿಗಳ ಹಿಂದೆ ಹಾಫ್ ಕ್ಲಚ್‌ನಲ್ಲಿ ತೆವಳಿದರೆ ಇದು ಗ್ಯಾರಂಟಿ. ಮುಂದೆ ಜಾಗ ಬಿಡಿ, ಫಸ್ಟ್ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹತ್ತಿ. ಆಮೇಲೂ ಅನುಮಾನವಿದ್ದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ನೋಡಿ: ಆರ್‌ಪಿಎಂ ಮಾತ್ರ ಹಾರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ.

ವಾಸನೆ ಒಂದೇ ಚಕ್ರದ ಕಡೆಯಿಂದ ಬಂದರೆ ಬ್ರೇಕ್. ಹ್ಯಾಂಡ್ ಬ್ರೇಕ್ ಬಿಟ್ಟಿದ್ದೀರಾ ನೋಡಿ, ಬಳಿಕ ಪ್ರತಿ ಚಕ್ರದ ಹತ್ತಿರ ಮುಟ್ಟದೆ ಕೈ ಹಿಡಿಯಿರಿ. ಒಂದು ಮಾತ್ರ ಧಗಧಗಿಸಿದರೆ ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಸಿಕ್ಕಿಕೊಂಡಿದೆ. ಧೂಳಿಗೆ ಅದರ ಪಿನ್ ಜಾಮ್ ಆಗುವುದುಂಟು. ನೀರು ಸುರಿದರೆ ಡಿಸ್ಕ್ ಸೊಟ್ಟಗಾಗುತ್ತದೆ, ತಾನಾಗಿ ಆರಲಿ.

ಉಳಿದವು

ಸುಟ್ಟ ಆಯಿಲ್ ಕಮಟು ಹೆಚ್ಚಾಗಿ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿಕೆಯಿಂದ. ರಾತ್ರಿ ಕಾರಿನಡಿ ರಟ್ಟು ಹಾಸಿ ಬೆಳಿಗ್ಗೆ ಕಲೆ ನೋಡಿ. ಕೊಳೆತ ಮೊಟ್ಟೆಯ ವಾಸನೆ ಸೈಲೆನ್ಸರಿನಿಂದಾದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಬಾನೆಟ್ಟಿನಿಂದಾದರೆ ಓವರ್‌ಚಾರ್ಜ್ ಆದ ಬ್ಯಾಟರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 15 ವೋಲ್ಟ್ ದಾಟಿದರೆ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ತೋರಿಸಿ. ಬ್ಯಾಟರಿ ಹತ್ತಿರ ಬೀಡಿ ಹಚ್ಚಬೇಡಿ. ಎಸಿಯ ಮುಗ್ಗಲು ವಾಸನೆಗೆ ಸೆಂಟ್ ಡಬ್ಬಿ ತೂಗುಹಾಕುವುದು ದುಡ್ಡು ದಂಡ. ಮನೆ ಮುಟ್ಟುವ ಮೂರು ನಿಮಿಷ ಮೊದಲೇ ಎಸಿ ಆರಿಸಿ ಬ್ಲೋವರ್ ಮಾತ್ರ ಓಡಿಸಿ, ಕ್ಯಾಬಿನ್ ಫಿಲ್ಟರ್ ತೆಗೆದು ಕೆಂಪು ಧೂಳು ಮೆತ್ತಿದ್ದರೆ ಬದಲಿಸಿ.