ಚೈವ್ಸ್ ಕೆಡುವುದು ಒಳಗೆ ನಿಂತ ನೀರಿನಿಂದ

ಮೊನ್ನೆ ನನ್ನ ಮೊಮ್ಮಗಳು ಒಳ್ಳೆಯದೊಂದು ಕಟ್ಟು ಚೈವ್ಸ್ ಸೊಪ್ಪು ತಂದಳು. ಮನೆಯೊಳಗೆ ಕಾಲಿಟ್ಟವಳೇ ಅದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ನೀರು ಸೋರುತ್ತಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿಗೆ ಗಂಟು ಬಿಗಿದು ಫ್ರಿಜ್ಜಿನಲ್ಲಿಟ್ಟಳು. ನಾಲ್ಕನೆಯ ದಿನ ಚೀಲ ಬಿಚ್ಚಿದಾಗ ಅರ್ಧ ಕಟ್ಟು ಕಪ್ಪುಹಸಿರು ಲೋಳೆಯಾಗಿ ಬೆರಳಿಗೆ ಅಂಟಿತು. ಸೊಪ್ಪೇ ಹಳೆಯದಿತ್ತು ಎಂದು ಅವಳು ಅಂಗಡಿಯವನನ್ನು ದೂರಿದಳು. ಸೊಪ್ಪು ಹಳೆಯದಾಗಿರಲಿಲ್ಲ, ಕೆಡಿಸಿದ್ದು ಅವಳೇ. ಇದೇ ತಪ್ಪನ್ನು ಎಷ್ಟೋ ಅಡುಗೆಮನೆಗಳಲ್ಲಿ ಕಂಡು ಬೇಸತ್ತಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಚೈವ್ಸ್ ಈರುಳ್ಳಿ, ಬೆಳ್ಳುಳ್ಳಿಗಳ ಬಳಗಕ್ಕೆ ಸೇರಿದ ಗಿಡವಾದರೂ ನಾವು ತಿನ್ನುವುದು ಅದರ ಎಲೆಯನ್ನು. ಒಂದು ಎಲೆಯನ್ನು ಅಡ್ಡಲಾಗಿ ಕತ್ತರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಅದು ಒಳಗೆ ಟೊಳ್ಳಾದ ಸಣ್ಣ ಕೊಳವೆ ಎಂದು ತಿಳಿಯುತ್ತದೆ. ಕೊಯ್ದ ತುದಿ ತೆರೆದೇ ಇರುವುದರಿಂದ ತೊಳೆದ ನೀರು ಅದರೊಳಗೆ ಹೊಕ್ಕು ನಿಲ್ಲುತ್ತದೆ. ಮೇಲೆ ಎಷ್ಟು ಒರೆಸಿದರೂ ಒಳಗಿನ ನೀರು ಹೋಗುವುದಿಲ್ಲ, ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಹಾಗಾಗಿ ಇದನ್ನು ತೊಳೆಯಬೇಕಾದದ್ದು ಬಳಸುವ ಹೊತ್ತಿಗೆ, ಅದೂ ಬೇಕಾದಷ್ಟನ್ನು ಮಾತ್ರ.

ಎತ್ತಿಡುವ ಕ್ರಮವನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಒಂದು ಹಿಡಿ ಸೊಪ್ಪಿಗೆ ಇಷ್ಟೊಂದು ಉಪಚಾರವೇ ಎಂದು ಆಗ ಅನ್ನಿಸಿತ್ತು, ಈಗ ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ. ಮನೆಗೆ ಬಂದೊಡನೆ ಮೊದಲು ಕಟ್ಟಿದ ರಬ್ಬರ್ ಬ್ಯಾಂಡನ್ನು ಬಿಚ್ಚಬೇಕು, ಏಕೆಂದರೆ ಅದು ಬಿಗಿದ ಜಾಗದಲ್ಲೇ ಎಲೆ ಜಜ್ಜಿ ರಸ ಒಸರುತ್ತದೆ. ಹಳದಿ ತಿರುಗಿದ್ದನ್ನೂ ಮಡಿಚಿ ಮುರಿದದ್ದನ್ನೂ ಒಂದೊಂದಾಗಿ ಆರಿಸಿ ತೆಗೆಯಬೇಕು. ಉಳಿದವುಗಳ ಕೊಯ್ದ ತುದಿಗಳನ್ನು ಸಮ ಮಾಡಿ, ಆ ತುದಿ ಕೆಳಗಾಗುವಂತೆ ಸಡಿಲವಾಗಿ ಹಿಡಿದು, ಹೆಚ್ಚುವ ಮಣೆಯ ಮೇಲೆ ಮೆಲ್ಲಗೆ ಮೂರು ನಾಲ್ಕು ಸಲ ತಟ್ಟಿದರೆ, ಅಂಗಡಿಯಲ್ಲಿ ಚಿಮುಕಿಸಿದ ನೀರು ಮಣೆಯ ಮೇಲೆ ಹನಿಹನಿಯಾಗಿ ಬೀಳುವುದು ಕಾಣುತ್ತದೆ. ಅನಂತರ ತಳದಲ್ಲಿ ಒಣಬಟ್ಟೆ ಮಡಚಿ ಹಾಕಿದ ಎತ್ತರದ ಲೋಟದಲ್ಲಿ ಹಾಗೆಯೇ ಅರ್ಧ ಗಂಟೆ ನಿಲ್ಲಿಸಬೇಕು. ಫ್ಯಾನಿನ ಕೆಳಗೆ ಇಡಬಾರದು, ಬಾಡುತ್ತದೆ.

ಆಮೇಲೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯೊಂದನ್ನು ನೆನೆಸಿ, ಇನ್ನು ಒಂದು ಹನಿಯೂ ಬಾರದಂತೆ ಹಿಂಡಬೇಕು. ಕೆನ್ನೆಗೆ ಒತ್ತಿದರೆ ತಂಪು ತಾಗಬೇಕೇ ಹೊರತು ಒದ್ದೆ ಉಳಿಯಬಾರದು, ಅದೇ ಹದ. ಅದರ ಮೇಲೆ ಎಲೆಗಳನ್ನು ಒಂದೇ ಪದರವಾಗಿ, ಕೊಯ್ದ ತುದಿಗಳು ಬಟ್ಟೆಯಿಂದ ಒಂದು ಬೆರಳಿನಷ್ಟು ಹೊರಗೆ ಇರುವಂತೆ ಹರಡಿ, ಚಾಪೆ ಸುತ್ತಿದ ಹಾಗೆ ಒತ್ತದೆ ಸುತ್ತಿ, ಮುಚ್ಚಳವನ್ನು ಬಿಗಿ ಮಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ತರಕಾರಿ ಡ್ರಾಯರಿನಲ್ಲಿ ಇಡಬೇಕು. ಹಿಂಭಾಗದ ಗೋಡೆಗೆ ತಾಗಿದರೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಮೂರನೆಯ ದಿನ ಬಿಚ್ಚಿ ನೋಡಿ ಬಟ್ಟೆ ಬದಲಿಸಿದರೆ ಒಂದು ವಾರ ಸೊಪ್ಪು ಕೊಯ್ದಷ್ಟೇ ಗರಿಗರಿಯಾಗಿರುತ್ತದೆ. ಬಟ್ಟೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಅಡುಗೆಮನೆಯ ಬಟ್ಟೆಗಳನ್ನು ಒಗೆಯುವಾಗ ಪರಿಮಳದ ಕಂಡೀಷನರ್ ಹಾಕಬೇಡಿ. ಅದನ್ನು ಹಾಕಿದ ಬಟ್ಟೆ ನೀರನ್ನು ಸರಿಯಾಗಿ ಹೀರುವುದಿಲ್ಲ, ಅದರ ವಾಸನೆ ಸೊಪ್ಪಿಗೂ ಪಾತ್ರೆಗೂ ಹತ್ತುತ್ತದೆ.

ಕುಂಡದಲ್ಲಿ ಬೆಳೆಸುವವರು ತುದಿಗಳನ್ನಷ್ಟೇ ಚಿವುಟುತ್ತಾರೆ, ಅದೂ ತಪ್ಪು. ಎಲೆ ಬೆಳೆಯುವುದು ಬುಡದಿಂದ. ಹೊರಸುತ್ತಿನ ಎಲೆಗಳನ್ನು ಮಣ್ಣಿನಿಂದ ಮೂರು ಬೆರಳು ಬಿಟ್ಟು ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ. ಹೂವಿನ ದಂಟು ನಾರುನಾರಾಗಿರುತ್ತದೆ, ಅದನ್ನು ಬಿಟ್ಟುಬಿಡಿ. ನೇರಳೆ ಹೂವನ್ನು ಮಾತ್ರ ಬಿಡಿಸಿ ಸಲಾಡಿಗೆ ಉದುರಿಸಬಹುದು.

ಹೆಚ್ಚಲು ಹರಿತವಾದ ಚಾಕು ಅಥವಾ ಕತ್ತರಿ ಬೇಕು. ಮೊಂಡು ಚಾಕು ಎಲೆಯನ್ನು ಜಜ್ಜುತ್ತದೆ, ರಸವೆಲ್ಲ ಮಣೆಯ ಪಾಲಾಗುತ್ತದೆ. ಹೆಚ್ಚಿದ್ದನ್ನು ಕಾದ ಎಣ್ಣೆಗೆ ಸುರಿಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಇದರ ಘಮ ಬೇಗ ಆವಿಯಾಗುವ ಗಂಧಕದ ಸಂಯುಕ್ತಗಳಿಂದ ಬರುವುದು, ಬಿಸಿಯಲ್ಲಿ ಎರಡು ನಿಮಿಷ ಬಿಟ್ಟರೆ ಹುಲ್ಲಿನ ರುಚಿಯಷ್ಟೇ ಉಳಿಯುತ್ತದೆ. ಆಮ್ಲೆಟ್ ಆಗಲಿ, ಸೂಪ್ ಆಗಲಿ, ಬೇಯಿಸಿದ ಆಲೂಗಡ್ಡೆಯಾಗಲಿ, ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಮೊಸರಿಗೆ, ಬೆಣ್ಣೆಗೆ ಹಸಿಯಾಗಿಯೇ ಕಲಸಬೇಕು.

ವಿಟಮಿನ್ ಸಿ ಕೂಡ ಬಿಸಿಗೆ ನಷ್ಟವಾಗುವುದರಿಂದ ಹಸಿಯಾಗಿ ತಿನ್ನುವುದಕ್ಕೆ ಅದೂ ಒಂದು ಕಾರಣ. 100 ಗ್ರಾಂ ಚೈವ್ಸ್‌ನಲ್ಲಿ ಸುಮಾರು 58 ಮಿಲಿಗ್ರಾಂ ವಿಟಮಿನ್ ಸಿ, 210 ಮೈಕ್ರೋಗ್ರಾಂನಷ್ಟು ವಿಟಮಿನ್ ಕೆ, 30 ಕ್ಯಾಲೊರಿ ಇರುತ್ತವೆ. ಆದರೆ ಹೆಚ್ಚಿದ ಒಂದು ದೊಡ್ಡ ಚಮಚ ತೂಗುವುದು 3 ಗ್ರಾಂ ಮಾತ್ರ. ಮೇಲೆ ನಾಲ್ಕು ಚೂರು ಉದುರಿಸಿ ಔಷಧಿ ತಿಂದಂತಾಯಿತು ಎಂದುಕೊಳ್ಳುವವರು ಈ ಲೆಕ್ಕ ನೋಡಲಿ. ಧಾರಾಳವಾಗಿ ಹಾಕಿದರೆ ಒಳ್ಳೆಯದೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವಿಟಮಿನ್ ಕೆ ಹೆಚ್ಚಿರುವ ಇಂಥ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸದೆ ವೈದ್ಯರನ್ನು ಕೇಳಬೇಕು. ನಾಯಿ, ಬೆಕ್ಕುಗಳಿಗಂತೂ ಇದು ವಿಷ, ಅವುಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ತಟ್ಟೆಯಲ್ಲಿ ಉಳಿದದ್ದನ್ನು ಅವುಗಳ ಮುಂದೆ ಇಡಬೇಡಿ.

ಹೆಚ್ಚು ಸಿಕ್ಕಾಗ ಬಿಸಿಲಿಗೆ ಒಣಗಿಸಬೇಡಿ, ಘಮ ಉಳಿಯುವುದಿಲ್ಲ. ತೊಳೆದು, ಮೇಲೆ ಹೇಳಿದಂತೆ ತಟ್ಟಿ, ಪೂರ್ತಿ ಆರಿಸಿ, ಸಣ್ಣಗೆ ಹೆಚ್ಚಿ, ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರೆ ಒಂದಕ್ಕೊಂದು ಅಂಟುವುದಿಲ್ಲ. ಬೇಕಾದಾಗ ಒಣ ಚಮಚದಲ್ಲಿ ತೆಗೆದು ನೇರವಾಗಿ ಬಿಸಿ ಸೂಪಿಗೆ ಉದುರಿಸಿ, ಡಬ್ಬಿಯನ್ನು ಆಗಲೇ ಒಳಗಿಡಿ. ಹೊರಗೆ ಕರಗಲು ಬಿಟ್ಟರೆ ಚೀಲದಲ್ಲಿ ಕಂಡ ಅದೇ ಲೋಳೆ ಇಲ್ಲಿಯೂ ಕಾಣುತ್ತದೆ.