ಆಲಪ್ಪುಳದ ಹೌಸ್‌ಬೋಟ್ ಪ್ರವಾಸಕ್ಕೆ ಸಿದ್ಧತೆ

ಕೇರಳದ ಆಲಪ್ಪುಳದಲ್ಲಿ ಹೌಸ್‌ಬೋಟ್ ಪ್ರವಾಸಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ದಿನಗಳು ಒಳ್ಳೆಯವು. ಸಾಮಾನ್ಯವಾಗಿ ಮಧ್ಯಾಹ್ನ 12ರ ಸುಮಾರಿಗೆ ಹೊರಡುವ ದೋಣಿಯು, ಮೀನುಗಾರರು ಬಲೆ ಬೀಸುವ ಹೊತ್ತಾಗುವುದರಿಂದ ಸಂಜೆ 5.30ರ ಸುಮಾರಿಗೆ ದಡ ಸೇರಿ ಅಲ್ಲೇ ರಾತ್ರಿ ತಂಗುತ್ತದೆ; ಆದ್ದರಿಂದ ಹಿಂದಿನ ದಿನವೇ ಊರು ತಲುಪಿರುವುದು ಕ್ಷೇಮ.

ಮುಂಗಡ ಕೊಡುವ ಮೊದಲು ಎಸಿ ಇಡೀ ದಿನವೋ ರಾತ್ರಿ ಮಾತ್ರವೋ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೋ, ದೋಣಿಯ ಪರವಾನಗಿ ಚಾಲ್ತಿಯಲ್ಲಿದೆಯೋ ಎಂಬುದನ್ನು ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾದುದು ಮಾರ್ಗ. ವೆಂಬನಾಡ್ ಸರೋವರದ ವಿಸ್ತಾರ ಚಂದವೇ ಆದರೂ, ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳು, ನೀರಿಗಿಳಿಯುವ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುವ ಮನೆಮಂದಿ ಹತ್ತಿರದಿಂದ ಕಾಣಸಿಗುವುದು ಕಿರುಗಾಲುವೆಗಳಲ್ಲಿ. ಅಲ್ಲಿಗೆ ದೊಡ್ಡ ದೋಣಿ ಹೋಗದು. ಒಂದೆರಡು ಗಂಟೆಗೆ ಸಣ್ಣ ದೋಣಿಯನ್ನು ಪ್ರತ್ಯೇಕವಾಗಿ ಗೊತ್ತುಮಾಡಿಕೊಳ್ಳಿ.