ಹಳೇ ಜಂತೆಯಲ್ಲಿ ಗೋಡೆ ಬೀರು: ನನ್ನ ಅನುಭವ

"ಕೆಡವಿದ ಮನೆ ಮರದಲ್ಲಿ ಗೋಡೆ ಬೀರು ಮಾಡ್ತೀಯಾ? ಒಂದು ಮಳೆಗಾಲ ತಡೆಯಲ್ಲ, ಬಿಡು" ಅಂತ ನಮ್ಮ ಆಚಾರಿಗಳೇ ನಕ್ಕಿದ್ದರು. ಈಗ ಎರಡು ಮಳೆಗಾಲ ಆಯಿತು. ಮೈಸೂರಿನ ಚಾಮುಂಡಿಪುರಂನಲ್ಲಿ ಮೇಷ್ಟ್ರೊಬ್ಬರ ಮನೆಯಲ್ಲಿ ಅದರ ಬಾಗಿಲು ಒಂದು ಬೆರಳಲ್ಲಿ ತೆರೆಯುತ್ತದೆ.

ಮರ ಸಿಕ್ಕಿದ್ದು ಪಾಂಡವಪುರದ ಕಡೆಯ ಒಂದು ತೊಟ್ಟಿ ಮನೆಯಲ್ಲಿ. ಹಲಸಿನ ಜಂತೆ, ತೇಗದ ನಾಲ್ಕು ಕಂಬ, ಎರಡು ಹೊನ್ನೆ ತೊಲೆ. ಒಟ್ಟು 25 ಸಿಎಫ್‌ಟಿ (ಘನ ಅಡಿ) ಚಿಲ್ಲರೆ ಇರಬೇಕು. ಗಾಡಿ ಬಾಡಿಗೆ ಸೇರಿ 32,000 ಆಯಿತು.

ಅಗ್ಗ ಅಂತ ಹಿಗ್ಗಬೇಡಿ. ಮೊಳೆ ಇದೆ ಅಂತ ಇಬ್ಬರು ಸಾಮಿಲ್‌ನವರು ಮುಟ್ಟಲೇ ಇಲ್ಲ. ಮೂರನೆಯವರು "ಬ್ಲೇಡ್ ಹೋದ್ರೆ ನಿಮ್ದೇ ಖರ್ಚು" ಅಂದರು. ಹೋಯಿತು, ಕೊಟ್ಟೆ. ಅಯಸ್ಕಾಂತ ಆಡಿಸಿಯೇ ಕೊಟ್ಟಿದ್ದೆ, ಆದರೆ ತಲೆ ಮುರಿದು ಆಳಕ್ಕೆ ಇಳಿದ ಮೊಳೆ ಅದಕ್ಕೆ ಸಿಗಲ್ಲ. 1,800 ಕೊಟ್ಟು ಮೆಟಲ್ ಡಿಟೆಕ್ಟರ್ ತರುವಷ್ಟರಲ್ಲಿ ಮರ ಹೆರೆಯುವ ಪ್ಲೇನರ್‌ನ ಮೂರು ಜೊತೆ ಬ್ಲೇಡೂ ಹೋಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಡ್ರಾಯಿಂಗ್‌ನಿಂದ ಬಿತ್ತು. ಪ್ಲೈವುಡ್ ಕೆಲಸದ ಅಭ್ಯಾಸ ನೋಡಿ, ಮೊದಲು ಡ್ರಾಯಿಂಗ್ ಮಾಡಿ ಆಮೇಲೆ ಮರಕ್ಕೆ ಕೈ ಹಾಕಿದೆ. ಏಳಡಿ ನಿಲುವುಪಟ್ಟಿ ಬೇಕು. ಜಂತೆ ಏಳಡಿ ಇತ್ತು, ನಿಜ. ಆದರೆ ಗೋಡೆಯೊಳಗೆ ಕೂತಿದ್ದ ಎರಡೂ ತುದಿ ಗೆದ್ದಲು ತಿಂದಿತ್ತು. ಕೊಯ್ದರೆ ಐದಡಿ. ಎರಡು ವಾರದ ಕೂಲಿ ನೀರಿಗೆ ಹೋಯಿತು.

ಆಮೇಲೆ ಲೆಕ್ಕ ತಿರುಗಿಸಿ ಹಾಕಿದೆ. ಮರವನ್ನೆಲ್ಲ ಶೆಡ್ಡಿನಲ್ಲಿ ಹರಡಿ, ಕೆಟ್ಟ ಜಾಗಕ್ಕೆ ಸೀಮೆಸುಣ್ಣ ಬಳಿದು, ಉಳಿದ ಅಳತೆಗೆ ಬೀರು ಬರೆದೆ. ಕೆಳಗೆ ಉದ್ದ ಬಾಗಿಲು, ಮೇಲೆ ಗಿಡ್ಡ ಬಾಗಿಲು ಬಂದದ್ದು ಹಾಗೆ. ನೋಡಿದವರು ಒಳ್ಳೇ ಡಿಸೈನ್ ಅಂತಾರೆ. ಅನ್ನಲಿ.

ಮೇಷ್ಟ್ರ ಮನೆಯದು ಗಾರೆ ಗೋಡೆ. ಮೇಲಕ್ಕೂ ಕೆಳಕ್ಕೂ ಒಂದೂಕಾಲು ಇಂಚು ವ್ಯತ್ಯಾಸ. ಬೀರಿನ ಪೆಟ್ಟಿಗೆಯನ್ನು ಎರಡಿಂಚು ಕಮ್ಮಿ ಮಾಡಿ, ರಟ್ಟಿನಲ್ಲಿ ಗೋಡೆಯ ಅಂಕುಡೊಂಕು ಎತ್ತಿಕೊಂಡು, ಅದರಂತೆ ಅಂಚುಪಟ್ಟಿ ಕೆತ್ತಿ ಕೂರಿಸಿದೆ. ಬಾಗಿಲ ಹಲಗೆಗೆ ಫೆವಿಕಾಲ್ ಹಾಕಲಿಲ್ಲ, ಗ್ರೂವ್‌ನಲ್ಲಿ ಸಡಿಲ ಬಿಟ್ಟೆ. ಮರ ನೂರು ವರ್ಷದ್ದಾದರೂ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗೇ ಹಿಗ್ಗುತ್ತದೆ.

ಮಧ್ಯೆ ಒಂದು ಹುಚ್ಚೂ ಮಾಡಿದೆ. ಹೊನ್ನೆ ಚೂರು ನೆನೆಸಿದರೆ ನೀರು ಬಣ್ಣ ತಿರುಗುತ್ತದಲ್ವಾ? ಸಕ್ಕರೆ ಕಾಯಿಲೆಗೆ ಅಂತ ಆ ಮರದ ಲೋಟ ಮಾರ್ತಾರೆ. ಹೊಸದಾಗಿ ಕೊಯ್ದ ಹಲಸಿನ ಹಳದಿಯನ್ನು ಹಳೇ ಬಣ್ಣಕ್ಕೆ ತರೋಣ ಅಂತ ಆ ನೀರು ಬಳಿದೆ. ಹಲಗೆ ತುಂಬ ಮಚ್ಚೆ, ಮೇಲಿಂದ ನಾರು ಎದ್ದಿತು. ಮತ್ತೆ ಉಜ್ಜಿ, ತಾರಸಿ ಮೇಲೆ ಸುಮ್ನೆ ಮೂರು ವಾರ ಬಿಸಿಲಿಗೆ ಹಾಕಿದೆ. ತಾನೇ ಕಂದು ಬಣ್ಣಕ್ಕೆ ಬಂತು. ಕೊನೆಗೆ ಹಚ್ಚಿದ ಎಣ್ಣೆಯಲ್ಲಿ ಏನೇನಿದೆ ಅಂತ ಮಾತ್ರ ಕೇಳಬೇಡಿ, ಅದು ಹೊಟ್ಟೆಪಾಡು.

ಮೇಷ್ಟ್ರಿಗೆ 1,10,000 ಹೇಳಿದ್ದೆ. ನನ್ನ ಕೂಲಿ ಹಿಡಿಯದೆ ಉಳಿದದ್ದು 14,000ದ ಹತ್ತಿರ. ಎರಡನೇ ಬೀರಿನಲ್ಲಿ ಉಳಿದದ್ದು 40,000 ದಾಟಿತು.

ತೇಗದ ಎರಡು ಕಂಬ ಇನ್ನೂ ಶೆಡ್ಡಿನಲ್ಲಿವೆ. ಅವತ್ತು ನಕ್ಕವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿ ರೇಟು ಕೇಳಿದರು. ಕೊಡಲಿಲ್ಲ.